‘ಎಡಗಡೆಯ ಮೂಲೆ’ ಆಲ್ಬಮ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವನು. ನನ್ನ ಸ್ವಂತ ಆಲ್ಬಮ್ ಹೊರಬಂದಾಗಿನಿಂದ ಫೋನಿನಲ್ಲಿ, ಖಡೇಬಜಾರಿನಲ್ಲಿ, ಪ್ರೋಗ್ರಾಂ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೆ ಅರ್ಧಂಬರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ವೈರು, ಮೈಕು, ಕಾನೂನು ಬೇಡ ಅನ್ನುವವರು ಆ ಪ್ರಶ್ನೆಗಳನ್ನು ದಾಟಿ ಮುಂದೆ ಹೋಗಿ, ಬೇಜಾರಿಲ್ಲ.

ಇದು ಎಂಥ ಆಲ್ಬಮ್?

ರಾಕ್. ಒಂಬತ್ತು ಟ್ರ್ಯಾಕ್, ಸುಮಾರು 40 ನಿಮಿಷ. ಏಳರಲ್ಲಿ ಬರೀ ವಾದ್ಯ, ಎರಡರಲ್ಲಿ ಕನ್ನಡ ಹಾಡು. ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್, ಒಂದು ಕಡೆ ಮಾತ್ರ ಹಾರ್ಮೋನಿಯಂ. ಫ್ಯೂಷನ್ ಅಂತ ಕರೆಯಬೇಡಿ ಪ್ಲೀಸ್. ‘ಒಂದಿಷ್ಟು ತಬಲಾ ಹಾಕಿಬಿಡ್ರಿ, ನಡೀತದ’ ಅಂತ ಸಲಹೆ ಕೊಟ್ಟವರು ಬಹಳ ಜನ. ತಬಲಾ ನನಗೆ ಇಷ್ಟ. ಈ ಟ್ರ್ಯಾಕ್‌ಗಳಿಗೆ ಅದು ಬೇಕಿರಲಿಲ್ಲ, ಅಷ್ಟೇ.

‘ಹಾಡಾವ್ರು ಯಾರ್ರೀ?’

ಎಲ್ಲರೂ ಮೊದಲು ಕೇಳುವುದು ಇದನ್ನೇ. ಎರಡು ಹಾಡುಗಳನ್ನು ನನ್ನ ಜೊತೆ ಆರ್ಕೆಸ್ಟ್ರಾದಲ್ಲಿ ಬಹಳ ವರ್ಷ ಹಾಡಿದ ಅಕ್ಕ ಹಾಡಿದ್ದಾರೆ. ಉಳಿದ ಏಳರಲ್ಲಿ ಯಾರೂ ಹಾಡಿಲ್ಲ. ಅದಕ್ಕೆ ಕೆಲವರಿಗೆ ಮುಖ ಸಪ್ಪಗಾಗುತ್ತದೆ. ನಮ್ಮ ಕಡೆ ಸಿತಾರ್ ಕಛೇರಿಗೆ ಹೋದವರು ‘ಹಾಡುವವರು ಎಲ್ಲಿ’ ಅಂತ ಕೇಳುವುದಿಲ್ಲ ಅಲ್ವಾ? ಕೊಳಲಿಗೂ ಕೇಳುವುದಿಲ್ಲ. ಗಿಟಾರ್ ಕಂಡ ತಕ್ಷಣ ಮಾತ್ರ ಪಕ್ಕದಲ್ಲಿ ಒಬ್ಬರು ಮೈಕ್ ಹಿಡಿದು ನಿಂತಿರಬೇಕು ಅನಿಸುತ್ತದೆ. ಇಷ್ಟು ವರ್ಷ ಅದನ್ನು ಹಾಗೇ ತೋರಿಸಿದವರಲ್ಲಿ ನಾನೂ ಒಬ್ಬ, ಹಾಗಾಗಿ ದೂರುವ ಹಕ್ಕಿಲ್ಲ.

ಹೆಸರು ‘ಎಡಗಡೆಯ ಮೂಲೆ’ ಯಾಕೆ?

ನಮ್ಮ ಆರ್ಕೆಸ್ಟ್ರಾ ಸ್ಟೇಜಿನ ನಕ್ಷೆ ಎಲ್ಲ ಊರಲ್ಲೂ ಒಂದೇ. ನಡುವೆ ಹಾಡುವವರು, ಹಿಂದೆ ಕೀಬೋರ್ಡ್, ಬಲಗಡೆ ಢೋಲಕ್ ಮತ್ತು ಪ್ಯಾಡ್. ಗಿಟಾರಿನವನಿಗೆ ಎಡಗಡೆಯ ಮೂಲೆ, ಸ್ಪೀಕರ್ ಬಾಕ್ಸಿನ ಪಕ್ಕ. ಲೈಟು ಅಲ್ಲಿಗೆ ಮುಟ್ಟುವುದಿಲ್ಲ. ವಿಡಿಯೊದಲ್ಲಿ ಬರುವುದಿಲ್ಲ. ಆದರೆ ಅಲ್ಲಿಂದ ಜನ ಚೆನ್ನಾಗಿ ಕಾಣುತ್ತಾರೆ.

ಇಷ್ಟು ವರ್ಷ ಏನು ನುಡಿಸುತ್ತಿದ್ದಿರಿ?

ಕೇಳಿದ್ದನ್ನೆಲ್ಲ. ಬೆಳಗಾವಿಯ ಗಣಪತಿ ಪೆಂಡಾಲು, ಬಾಗಲಕೋಟೆ ಕಡೆಯ ಜಾತ್ರೆಗಳು, ಸಂಕ್ರಾಂತಿಗೆ ವಿಜಯಪುರ, ಮದುವೆಯ ಹಿಂದಿನ ದಿನದ ರಸಮಂಜರಿ. ಬೆಳಗಾವಿ ಕ್ಯಾಂಪಿನ (ಕಂಟೋನ್ಮೆಂಟ್) ಚರ್ಚುಗಳಲ್ಲಿ ಕ್ರಿಸ್‌ಮಸ್ ಹಾಡು. ನಡುನಡುವೆ ಸ್ಟುಡಿಯೊದಲ್ಲಿ ಭಕ್ತಿಗೀತೆ, ಜನಪದ ಗೀತೆಗಳಿಗೆ ಗಿಟಾರ್. ಬೆಳಗಾವಿಯಲ್ಲಿ ಒಂದೇ ರಾತ್ರಿ ಕನ್ನಡ, ಮರಾಠಿ, ಹಿಂದಿ ಮೂರೂ ಆಗಬೇಕು. ಒಂದು ಚೀಟಿ ಬರುತ್ತದೆ, ಅದರಲ್ಲಿ ಹಾಡಿನ ಮೊದಲ ಸಾಲು ಇರುತ್ತದೆ, ರಿಹರ್ಸಲ್ ಇಲ್ಲ. ‘ಬಿಳಿ ನಾಲ್ಕು’ ಅಂತ ಹಾಡುವವರು ಕಿವಿಯಲ್ಲಿ ಹೇಳುತ್ತಾರೆ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯನ್ನು ಸ ಮಾಡಿಕೊಳ್ಳಬೇಕು. ಎರಡನೇ ಚರಣಕ್ಕೆ ಗಂಟಲು ಹತ್ತಿದರೆ ಕಣ್ಸನ್ನೆಯಲ್ಲೇ ಸ್ಕೇಲ್ ಇಳಿಯುತ್ತದೆ. ನೀವು ಕೈ ನೋಡಿಕೊಂಡು ನುಡಿಸುವವರಾದರೆ ಅಲ್ಲೇ ಮುಗಿಯಿತು.

ಇಂಥ ಕೆಲಸದಲ್ಲಿ ಕಲಿಯುವ ದೊಡ್ಡ ವಿದ್ಯೆ ಬಿಡುವುದು. ಎಲ್ಲಿ ನುಡಿಸಬಾರದು ಅಂತ ತಿಳಿಯುವುದು. ಹಾಡುವವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ನಾಲ್ಕು ಸ್ವರ ಇಟ್ಟು ಹಿಂದೆ ಸರಿಯಬೇಕು. ಐದನೆಯದು ಇಟ್ಟರೆ ಅವರು ತಿರುಗಿ ನೋಡುತ್ತಾರೆ. ಹಳೆಯ ಹಿಂದಿ ಹಾಡುಗಳ ನಡುವಿನ ಗಿಟಾರ್ ಬಿಟ್‌ಗಳನ್ನು ಇದ್ದ ಹಾಗೇ ನುಡಿಸಬೇಕು. ಜನರಿಗೆ ಅವು ಬಾಯಿಪಾಠ. ನಿಮ್ಮ ಜಾಣತನ ಅಲ್ಲಿ ಬೇಡ.

ಕೀಬೋರ್ಡುಗಳಲ್ಲಿ ಗಿಟಾರ್ ಶಬ್ದವೂ ಬಂದ ಮೇಲೆ ಗಿಟಾರಿನವರನ್ನು ಬಿಡುವ ತಂಡಗಳು ಜಾಸ್ತಿಯಾದವು. ಈಗ ಕರೋಕೆ ಟ್ರ್ಯಾಕ್ ಹಾಕಿ ಇಬ್ಬರೇ ಪ್ರೋಗ್ರಾಂ ಮುಗಿಸುತ್ತಾರೆ. ಮೂಲೆಯೂ ಉಳಿಯುವುದಿಲ್ಲ ಅನಿಸಿದ ಕಾಲದಲ್ಲೇ ಈ ಆಲ್ಬಮ್ ಮನಸ್ಸಿಗೆ ಬಂದಿದ್ದು.

ಮೊದಲೇ ಯಾಕೆ ಮಾಡಲಿಲ್ಲ?

ದುಡ್ಡು, ಟೈಮು ಅಂತ ಹೇಳಬಹುದು. ಅವು ನಿಜ ಕೂಡ. ಆದರೆ ಅಸಲು ಕಾರಣ ಬೇರೆ. ಸಾಥ್ ಕೊಡುವವನಿಗೆ ಒಂದು ದೊಡ್ಡ ಸುಖ ಇದೆ: ನಿರ್ಧಾರ ಬೇರೆಯವರದು. ಯಾವ ಹಾಡು, ಯಾವ ಸ್ಕೇಲ್, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು, ಎಲ್ಲವನ್ನೂ ಇನ್ನೊಬ್ಬರು ಹೇಳುತ್ತಾರೆ. ನೀವು ಚೆನ್ನಾಗಿ ಮಾಡಿಕೊಟ್ಟರೆ ಸಾಕು. ಪ್ರೋಗ್ರಾಂ ಬಿದ್ದರೂ ರಾತ್ರಿ ನಿದ್ದೆ ಬರುತ್ತದೆ.

ಸ್ವಂತ ಆಲ್ಬಮ್‌ನಲ್ಲಿ ‘ಇದು ಸರಿ ಇದೆಯಾ’ ಅಂತ ಯಾರ ಮುಖ ನೋಡುವುದು? ಕೈ ತಯಾರಿತ್ತು. ರಾಗ, ತಾಳ, ಸ್ಕೇಲ್ ಎಲ್ಲ ಬೆರಳಿನಲ್ಲಿತ್ತು. ಆದರೆ ಖಾಲಿ ಎಂಟು ಬಾರ್ (ತಾಳದ ಎಂಟು ಸುತ್ತು) ಮುಂದಿಟ್ಟು ‘ನಿನಗೆ ಏನು ಬೇಕೋ ನುಡಿಸು’ ಅಂದರೆ ಕೈ ಸುಮ್ನೆ ಕೂರುತ್ತಿತ್ತು. ಯಾರೋ ಹಾಡುತ್ತಿದ್ದಾರೆ ಅಂದುಕೊಂಡು ಅವರ ಸಂದಿಗೆ ಕಾಯುತ್ತಿತ್ತು. ಕೊನೆಗೆ ಆ ಅಭ್ಯಾಸವನ್ನೇ ಬಳಸಿಕೊಂಡೆ. ಹಾಡುವ ಸಾಲನ್ನು ಮೊದಲು ಬಾಯಲ್ಲಿ ಗುನುಗಿ ಫೋನಿಗೆ ಹಾಕುತ್ತಿದ್ದೆ. ಆಮೇಲೆ ಅದೇ ಸಾಲನ್ನು ಗಿಟಾರಿನಲ್ಲಿ ನುಡಿಸಿ, ಅದಕ್ಕೆ ನಾನೇ ಇನ್ನೊಂದು ಗಿಟಾರಿನಿಂದ ಸಾಥ್ ಕೊಡುತ್ತಿದ್ದೆ. ಕೇಳಿದರೆ ಗೊತ್ತಾಗುತ್ತದೆ, ಎಲ್ಲ ಟ್ರ್ಯಾಕ್‌ಗಳಲ್ಲೂ ಎರಡು ಗಿಟಾರ್ ಮಾತಾಡಿಕೊಳ್ಳುತ್ತವೆ. ಬಲಗಡೆಯ ಸ್ಪೀಕರಿನದು ಯಜಮಾನ, ಎಡಗಡೆಯದು ನಾನು.

ಹೀಗೆ ಬೇರೆ ಯಾರಾದರೂ ಮಾಡಿದ್ದಾರಾ?

ರಾಕ್‌ನಲ್ಲಿ ಇದು ಹಳೆಯ ದಾರಿ. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಜೊತೆ ಗಿಟಾರ್ ನುಡಿಸುತ್ತಿದ್ದ ಮಿಕ್ ರಾನ್ಸನ್ ತಮ್ಮ ಮೊದಲ ಸೋಲೊ ಆಲ್ಬಮ್ ತಂದಿದ್ದು 1974ರಲ್ಲಿ. ಗಿಟಾರ್ ಜೊತೆಗೆ ವಯಲಿನ್ ತಂಡಗಳಿಗೆ ಸ್ವರ ಬರೆಯುವುದರಲ್ಲೂ ಆತ ಗಟ್ಟಿಗ. ಅಮೆರಿಕದ ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ ಫ್ರಾಂಕ್ ಜಪ್ಪಾ, ಬೋವಿ, ಟಾಕಿಂಗ್ ಹೆಡ್ಸ್ ಎಲ್ಲರಿಗೂ ಸಾಥ್ ಕೊಟ್ಟು, 1982ರಲ್ಲಿ ಸ್ವಂತದ್ದು ಮಾಡಿದರು. ಅದೇ ಜಪ್ಪಾ ತಂಡದಿಂದ ಬಂದ ಸ್ಟೀವ್ ವೈ ತಮ್ಮ ಮೊದಲ ಆಲ್ಬಮ್ಮನ್ನು ಮನೆಯ ಸ್ಟುಡಿಯೊದಲ್ಲೇ ರೆಕಾರ್ಡ್ ಮಾಡಿ 1984ರಲ್ಲಿ ಬಿಡುಗಡೆ ಮಾಡಿದರು. ಸ್ಟೀವ್ ಲೂಕಥರ್ ಎಷ್ಟೋ ಜನರ ರೆಕಾರ್ಡುಗಳಲ್ಲಿ ನುಡಿಸಿದವರು, ಟೋಟೊ ತಂಡದವರು. ಅವರ ಸ್ವಂತ ಆಲ್ಬಮ್ ಬರಲು 1989 ಆಯಿತು.

ನಮ್ಮಲ್ಲಿ ಭೂಪಿಂದರ್ ಸಿಂಗ್ ಇದ್ದರು. ಆರ್.ಡಿ. ಬರ್ಮನ್ ಹಾಡುಗಳಿಗೆ ಗಿಟಾರ್ ನುಡಿಸಿದವರು, ಗಜಲ್ ಗಾಯಕರಾಗಿ ಹೆಸರಾದರು. ಅವರ ಗಿಟಾರನ್ನು ಹಾಡಿನ ನಡುವೆ ಕೇಳಿ ತಲೆದೂಗಿದವರಲ್ಲಿ ಅರ್ಧ ಜನಕ್ಕೆ ಅದು ಯಾರ ಕೈ ಅಂತ ಗೊತ್ತಿರಲಿಕ್ಕಿಲ್ಲ.

ರಾನ್ಸನ್ ನನಗೆ ಹೆಚ್ಚು ಇಷ್ಟವಾಗುವುದು ಆಮೇಲೆ ಅವರು ಮಾಡಿದ ಕೆಲಸಕ್ಕೆ. 1975ರಲ್ಲಿ ಬಾಬ್ ಡಿಲನ್ ಟೂರಿನಲ್ಲಿ ಗಿಟಾರ್ ಹಿಡಿದರು, ಇಯಾನ್ ಹಂಟರ್ ಜೊತೆ ವರ್ಷಗಟ್ಟಲೆ ನುಡಿಸಿದರು. ಸೋಲೊ ಮಾಡಿದ ಮೇಲೆ ಸಾಥ್ ಕೊಡುವುದು ಇಳಿಕೆ ಅಂತ ಅವರು ತಿಳಿಯಲಿಲ್ಲ.

ಎಲ್ಲಿ ರೆಕಾರ್ಡ್ ಮಾಡಿದಿರಿ?

ಡ್ರಮ್ಸ್ ಮಾತ್ರ ಬಾಡಿಗೆ ಸ್ಟುಡಿಯೊದಲ್ಲಿ. ಉಳಿದಿದ್ದೆಲ್ಲ ತಿಲಕವಾಡಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ. ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ (ಮೈಕು, ಗಿಟಾರಿನ ಶಬ್ದವನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಡಬ್ಬಿ), ಒಂದು ಡೈನಮಿಕ್ ಮೈಕ್, 15 ವ್ಯಾಟಿನ ವಾಲ್ವ್ ಆಂಪ್ (ಹಳೆ ರೇಡಿಯೊದ ಹಾಗೆ ಗಾಜಿನ ವಾಲ್ವ್ ಇರುವ ಗಿಟಾರ್ ಆಂಪ್ಲಿಫೈಯರ್). 15 ವ್ಯಾಟ್ ಅಂದರೆ ಕಡಿಮೆ ಅಂತ ನಗಬೇಡಿ. ವಾಲ್ವ್ ಆಂಪಿನಲ್ಲಿ ಅಷ್ಟು ಜೋರು ಮಾಡಿದರೆ ಪಕ್ಕದ ಮನೆಯ ಕಾಕಾ ಬಾಗಿಲು ಬಡಿಯುತ್ತಾರೆ. ಬಡಿದರು ಕೂಡ.

ಗೋಡೆಗೆ ಅಜ್ಜಿ ಹೊಲಿದ ಕೌದಿಗಳನ್ನು ತೂಗಿಬಿಟ್ಟೆ. ಐದಾರು ಪದರ ಹಳೆ ಸೀರೆ ಇರುವ ಕೌದಿ ಕೋಣೆಯ ಚರಚರ ಶಬ್ದವನ್ನು ಚೆನ್ನಾಗಿ ಹೀರುತ್ತದೆ. ಆದರೆ ಬೇಸ್ ಅದಕ್ಕೆ ಬಗ್ಗುವುದಿಲ್ಲ. ದಪ್ಪ ಶಬ್ದಕ್ಕೆ ದಪ್ಪ ತಡೆಯೇ ಬೇಕು. ಹಾಗಾಗಿ ಬೇಸ್ ಗಿಟಾರಿಗೆ ಮೈಕ್ ಇಡದೆ ವೈರ್ ನೇರವಾಗಿ ಇಂಟರ್‌ಫೇಸಿಗೆ ಹಾಕಿದೆ.

ಗಿಟಾರಿಗೆ ಮೈಕ್ ಇಡುವಾಗ ಸ್ಪೀಕರಿನ ನಟ್ಟನಡುವೆ ಇಟ್ಟರೆ ಶಬ್ದ ಚೂಪಾಗುತ್ತದೆ, ಅಂಚಿನ ಕಡೆ ಸರಿಸಿದಷ್ಟು ಮೆತ್ತಗಾಗುತ್ತದೆ. ಒಂದು ಬೆರಳು ಸರಿಸಿದರೆ ಬೇರೆಯೇ ಗಿಟಾರ್ ಅನಿಸಬಹುದು. ಶಬ್ದ ಬದಲಿಸುವ ಪ್ಲಗಿನ್ ಸಾಫ್ಟ್‌ವೇರ್ ಕೊಳ್ಳುವ ಮೊದಲು ಮೈಕನ್ನು ಸರಿಸಿ ನೋಡಿ, ಅದಕ್ಕೆ ದುಡ್ಡಿಲ್ಲ. ಇನ್ನೊಂದು ಮಾತು: ಆಂಪಿನ ಶಬ್ದದ ಜೊತೆಗೆ ಗಿಟಾರಿನ ಬರೀ ಸಿಗ್ನಲ್ಲನ್ನೂ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡಿ. ಮುಂದೆ ಟೋನ್ ಹಿಡಿಸದಿದ್ದರೆ ಅದನ್ನೇ ಮತ್ತೆ ಆಂಪಿಗೆ ಕಳಿಸಬಹುದು. ಮತ್ತೆ ನುಡಿಸುವ ಕೆಲಸ ಉಳಿಯುತ್ತದೆ. ಎಲ್ಲವನ್ನೂ 24 ಬಿಟ್, 48 ಕಿಲೋಹರ್ಟ್ಜ್ ಗುಣಮಟ್ಟದಲ್ಲಿ ಹಿಡಿದೆ. ಅದಕ್ಕಿಂತ ಮೇಲೆ ಹೋದರೆ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ, ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಕಿತು.

ಗೋಳಗುಮ್ಮಟದಲ್ಲಿ ರೆಕಾರ್ಡ್ ಮಾಡಿದ್ದೀರಂತೆ, ನಿಜವಾ?

ಇಲ್ಲ. ಈ ಸುದ್ದಿ ಎಲ್ಲಿಂದ ಹುಟ್ಟಿತೋ. ಅದು ಪುರಾತತ್ವ ಇಲಾಖೆ ಕಾಯುವ ಸ್ಮಾರಕ, ಆಂಪ್ ಹೊತ್ತುಕೊಂಡು ಹೋಗಲು ಬರುವುದಿಲ್ಲ. ಬಿಟ್ಟರೂ ಒಳಗೆ ಸಿಳ್ಳೆ, ಚಪ್ಪಾಳೆ, ‘ಏ ಮಂಜ್ಯಾ’ ಅನ್ನುವ ಕೂಗು ನಿಲ್ಲುವುದೇ ಇಲ್ಲ.

ಆದರೆ ಸುದ್ದಿಯಲ್ಲಿ ಒಂದು ಎಳೆ ನಿಜ. ಆರನೇ ಟ್ರ್ಯಾಕಿನ ಡಿಲೇ, ಅಂದರೆ ಗಿಟಾರಿನ ಮರುದನಿ, ಅಲ್ಲಿಂದ ಬಂದಿದೆ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟ ಒಳಗೆ ಸುಮಾರು 38 ಮೀಟರ್ ಅಗಲ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಗ್ಯಾಲರಿಯ ಒಂದು ಬದಿಯಿಂದ ಎದುರು ಗೋಡೆಗೆ ಹೋಗಿ ವಾಪಸ್ ಬರಲು 76 ಮೀಟರ್, ಅಂದರೆ ಸುಮಾರು 220 ಮಿಲಿಸೆಕೆಂಡ್. ಡಿಲೇ ಪೆಡಲನ್ನು ಅಷ್ಟಕ್ಕೇ ಇಟ್ಟು, ಒಂದೇ ಸ್ವರ ಹಲವು ಸಲ ಮರಳುವ ಹಾಗೆ ಮಾಡಿದೆ. ಟ್ರ್ಯಾಕಿನ ಲಯವನ್ನೂ ಆ 220ಕ್ಕೇ ಹೊಂದಿಸಿದ್ದೇನೆ, ಇಲ್ಲದಿದ್ದರೆ ಮರುದನಿ ತಾಳದ ಮೇಲೆ ಕೂರುವುದಿಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹಿಗೆ ಸಂಗೀತದ ಹುಚ್ಚಿತ್ತು, ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದನಂತೆ. ಗುಮ್ಮಟ ಕಟ್ಟಿಸಿದ್ದು ಅವನ ಮಗ. ಅಪ್ಪ ಅದರೊಳಗೆ ನಿಂತು ಹಾಡಿದ್ದರೆ ಹೇಗಿರುತ್ತಿತ್ತು ಅಂತ ಒಮ್ಮೊಮ್ಮೆ ಅನಿಸುತ್ತದೆ.

ನನ್ನ ಗಿಟಾರ್ ಗುಂಯ್ ಅನ್ನುತ್ತದೆ. ನೀವು ಏನು ಮಾಡಿದಿರಿ?

ನಮ್ಮ ಕರೆಂಟ್ 50 ಹರ್ಟ್ಜ್. ಸಿಂಗಲ್ ಕಾಯಿಲ್ ಪಿಕಪ್ (ಗಿಟಾರಿನಲ್ಲಿ ತಂತಿಯ ಅದುರನ್ನು ಹಿಡಿಯುವ, ಒಂದೇ ಸುರುಳಿಯ ಭಾಗ) ಅದನ್ನು ಹಿಡಿದುಕೊಂಡೇ ಹಿಡಿದುಕೊಳ್ಳುತ್ತದೆ. ಹಂಬಕರ್‌ನಲ್ಲಿ ಎರಡು ಕಾಯಿಲ್ ಇದ್ದು, ಒಂದು ಹಿಡಿದ ಗುಂಯ್ ಶಬ್ದವನ್ನು ಇನ್ನೊಂದು ಕಳೆಯುತ್ತದೆ. ಸಿಂಗಲ್ ಕಾಯಿಲೇ ಬೇಕು ಅಂದರೆ ಟ್ಯೂಬ್‌ಲೈಟ್, ಲ್ಯಾಪ್‌ಟಾಪ್ ಚಾರ್ಜರಿನಿಂದ ದೂರ ಕೂತು, ತಿರುಗಿ ತಿರುಗಿ ಗುಂಯ್ ಕಡಿಮೆಯಾಗುವ ದಿಕ್ಕು ಹುಡುಕಿ. ಮನೆಯ ಅರ್ಥಿಂಗ್ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇದು ಬರೀ ಶಬ್ದದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಪೆಂಡಾಲುಗಳಲ್ಲಿ ಮೈಕಿಗೆ ತುಟಿ ತಾಗಿ ಶಾಕ್ ಹೊಡೆಸಿಕೊಳ್ಳದ ಆರ್ಕೆಸ್ಟ್ರಾದವರು ಸಿಗುವುದು ಕಷ್ಟ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಝೇಂಕಾರ ಟ್ರ್ಯಾಕಿನೊಳಗೇ ಕೂತುಬಿಡುತ್ತದೆ. ಸೈನ್ ವೇವ್ ಇದ್ದರೆ ನಡೆಯುತ್ತದೆ.

ಯಾವ ಗಿಟಾರ್? ಯಾವ ತಂತಿ?

ಎರಡು ಹಂಬಕರ್ ಇರುವ ಸಾದಾ ಗಿಟಾರ್. 10ರಿಂದ 46ರ ತಂತಿ (ದಪ್ಪ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ). ಆರೂ ತಂತಿ ಅರ್ಧ ಸ್ವರ ಇಳಿಸಿದ್ದೇನೆ, ಅಂದರೆ ದಪ್ಪ ತಂತಿ ಕರಿ ಎರಡಕ್ಕೆ ಬರುತ್ತದೆ. ಜಿಮಿ ಹೆಂಡ್ರಿಕ್ಸ್ ಕೂಡ ಬಹಳ ಸಲ ಹೀಗೇ ಇಳಿಸಿ ನುಡಿಸುತ್ತಿದ್ದರು. ನನ್ನ ಕಾರಣ ಸರಳ: ತಂತಿ ಸಡಿಲವಾದರೆ ಎಳೆಯುವುದು ಸಲೀಸು, ಹಾಡಿದ ಅಕ್ಕನ ಗಂಟಲಿಗೂ ಅದೇ ಅನುಕೂಲ.

ಮಳೆಗಾಲದಲ್ಲಿ ಶ್ರುತಿ ನಿಲ್ಲುವುದಿಲ್ಲ, ಯಾಕೆ?

ಬೆಳಗಾವಿ ಮಳೆ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಅದೇ ಗಿಟಾರನ್ನು ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಒಯ್ದರೆ ಒಣಗಿ ಕುಗ್ಗಿ, ಕುತ್ತಿಗೆಯ ಮೇಲಿನ ಫ್ರೆಟ್ ಪಟ್ಟಿಗಳ ತುದಿ ಅಂಗೈಗೆ ತರಚುತ್ತದೆ. ಅಕೌಸ್ಟಿಕ್ ಗಿಟಾರಿಗೆ ತೇವ 45ರಿಂದ 55 ಪರ್ಸೆಂಟ್ ನಡುವೆ ಇದ್ದರೆ ಒಳ್ಳೆಯದು ಅಂತಾರೆ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ನುಡಿಸಿದ ಮೇಲೆ ತಂತಿ ಒರೆಸಿ. ಕುತ್ತಿಗೆ ಬಾಗಿದರೆ ಅದರೊಳಗಿನ ಲೋಹದ ಸರಳನ್ನು (ಟ್ರಸ್ ರಾಡ್) ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ.

ಕೇಳಿದರೆ ಎಲ್ಲೋ ನಮ್ಮ ಕಡೆಯ ಹಾಡಿನ ಹಾಗೆ ಇದೆ. ರಾಗ ಹಾಕಿದ್ದೀರಾ?

ಬೇಕಂತ ಹಾಕಿಲ್ಲ. ರಾಕ್ ಗಿಟಾರಿನವರು ಮೊದಲು ಕಲಿಯುವ ಮೈನರ್ ಪೆಂಟಾಟೋನಿಕ್ ಸ್ಕೇಲಿನ ಐದು ಸ್ವರಗಳು ಧಾನಿ ರಾಗದವೇ: ಸ, ಕೋಮಲ ಗ, ಮ, ಪ, ಕೋಮಲ ನಿ. ಮೇಜರ್ ಪೆಂಟಾಟೋನಿಕ್ ತೆಗೆದುಕೊಂಡರೆ ಭೂಪ್. ಹಾಗಂತ ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಆಗುವುದಿಲ್ಲ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ, ಇಂಥ ಊರಲ್ಲಿ ಕೂತು ‘ನಾನು ರಾಗ ನುಡಿಸಿದೆ’ ಅನ್ನುವ ಧೈರ್ಯ ನನಗಿಲ್ಲ.

ನನ್ನ ಕಿವಿಯಲ್ಲಿ ಕೂತಿದ್ದು ಬೇರೆ. ಸವದತ್ತಿ ಯಲ್ಲಮ್ಮನ ಗುಡ್ಡದ ಚೌಡಿಕೆ. ಒಂದೇ ತಂತಿ. ಒಂದು ಕೈ ಮೀಟುತ್ತದೆ, ಇನ್ನೊಂದು ತಂತಿಯ ಬಿಗಿಯನ್ನು ಏರಿಸಿ ಇಳಿಸುತ್ತದೆ. ಸ್ವರ ಮೀಟಿದ ಮೇಲೂ ಜಾರುತ್ತ ಹೋಗುತ್ತದೆ. ಗಿಟಾರಿನಲ್ಲಿ ನಾವು ತಂತಿ ಎಳೆದು ಮಾಡುವುದೂ ಅದನ್ನೇ. ಮೂರನೇ ಟ್ರ್ಯಾಕಿನ ನಡುವಿನ ಸೋಲೊ ಪೂರ್ತಿ ಒಂದೇ ತಂತಿಯ ಮೇಲಿದೆ. ಅಲ್ಲಿ ವೇಗ ಇಲ್ಲ. ವೇಗ ಬೇಕಾದವರು ಎಂಟನೇ ಟ್ರ್ಯಾಕಿಗೆ ಹೋಗಿ.

ಐದನೇ ಟ್ರ್ಯಾಕ್ ‘ಮಗ್ಗ’. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮ್ ಸದ್ದು ಕೇಳಿದವರಿಗೆ ಅದರ ತಾಳ ವಿವರಿಸಬೇಕಾಗಿಲ್ಲ. ಪಕ್ಕಪಕ್ಕದ ಎರಡು ಮಗ್ಗ ಒಂದೇ ವೇಗದಲ್ಲಿ ಇರುವುದಿಲ್ಲ. ಒಟ್ಟಿಗೆ ಬರುತ್ತವೆ, ಸರಿಯುತ್ತವೆ, ಮತ್ತೆ ಒಟ್ಟಿಗೆ ಬರುತ್ತವೆ. ಡ್ರಮ್ಸ್ ಹುಡುಗನಿಗೆ ಅಷ್ಟು ಹೇಳಿ ಬಿಟ್ಟೆ.

ನೀವು ಸ್ಟೇಜಿನಲ್ಲಿ ನುಡಿಸುವ ಹಳೆ ಸಿನಿಮಾ ಹಾಡು ಒಂದೂ ಇಲ್ಲವಲ್ಲ?

ಆಸೆ ಇತ್ತು. ಕಾನೂನು ನೋಡಿದ ಮೇಲೆ ಬಿಟ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮಿನ ಪ್ರಕಾರ ಬೇರೆಯವರ ಹಾಡಿನ ಕವರ್ (ಅದೇ ಹಾಡನ್ನು ನಾವು ಹೊಸದಾಗಿ ರೆಕಾರ್ಡ್ ಮಾಡುವುದು) ಮಾಡಲು ದಾರಿ ಇದೆ. ಆದರೆ ಮೂಲ ರೆಕಾರ್ಡಿಂಗ್ ಬಂದು ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಮುಂಗಡ ಕಟ್ಟಬೇಕು. ಇಲ್ಲವೆಂದರೆ ಹಕ್ಕಿರುವವರನ್ನು ನೇರವಾಗಿ ಕೇಳಿ ಒಪ್ಪಿಸಬೇಕು. ಸುಮ್ನೆ ಸ್ವಂತ ಟ್ಯೂನ್ ಮಾಡುವುದು ಅಗ್ಗ.

ಜೊತೆಗೆ ನುಡಿಸಿದವರಿಗೆ ಏನು ಕೊಟ್ಟಿರಿ?

ಪೇಮೆಂಟ್ ಕೊಟ್ಟೆ, ಹೆಸರು ಹಾಕಿದೆ, ಪಾಲು ಬರೆದುಕೊಟ್ಟೆ. ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ನಾನು ನುಡಿಸಿದ ಎಷ್ಟೋ ಕ್ಯಾಸೆಟ್, ಸಿಡಿಗಳ ಮೇಲೆ ಹಾಡಿದವರ ಹೆಸರು, ಫೋಟೊ ಕೊಟ್ಟವರ ಹೆಸರು ಇದೆ. ಗಿಟಾರಿನವನ ಹೆಸರಿಲ್ಲ. ಕಾಯ್ದೆಯಲ್ಲಿ ನುಡಿಸುವವರಿಗೂ ಹಕ್ಕಿದೆ, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಅದು ಇನ್ನೂ ಗಟ್ಟಿಯಾಗಿದೆ. ಆದರೆ ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡದಿದ್ದರೆ ಜಗಳ ಬಂದಾಗ ಯಾರೂ ಕೈ ಹಿಡಿಯುವುದಿಲ್ಲ. ಸ್ನೇಹಿತರ ನಡುವೆ ಕಾಗದ ಯಾಕೆ ಅಂತ ನನ್ನ ಬೇಸಿಸ್ಟ್ ಸಿಟ್ಟಾದ. ಸ್ನೇಹ ಉಳಿಯಲಿ ಅಂತಲೇ ಕಾಗದ ಅಂದೆ. ಸಹಿ ಮಾಡಿ ಎರಡು ದಿನ ಮಾತು ಬಿಟ್ಟ, ಆಮೇಲೆ ಸರಿಹೋದ.

ಟ್ಯೂನ್ ಮಾಡಿದವರಿಗೆ ಇನ್ನೊಂದು ಹಕ್ಕು ಬೇರೆಯೇ ಇದೆ. ಸಂಗೀತ ಮಾಡಿದವರು, ಸಾಹಿತ್ಯ ಬರೆದವರ ಪರವಾಗಿ ರಾಯಲ್ಟಿ ಕೂಡಿಸುವುದು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಅನ್ನುವ ಸಂಸ್ಥೆ. ಅಲ್ಲಿ ಸದಸ್ಯರಾಗಿ. ಇನ್ನು ಪ್ರತಿ ಟ್ರ್ಯಾಕಿಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಬೇಕು. ಆನ್‌ಲೈನ್‌ಗೆ ಹಾಕಿಕೊಡುವ ಡಿಸ್ಟ್ರಿಬ್ಯೂಟರ್‌ಗಳೇ ಸಾಮಾನ್ಯವಾಗಿ ಅದನ್ನು ಕೊಡುತ್ತಾರೆ.

ದುಡ್ಡು ಬಂತಾ?

ಇಲ್ಲ. ಸ್ಪಾಟಿಫೈನಲ್ಲಿ 2024ರಿಂದ ಒಂದು ಟ್ರ್ಯಾಕ್ ಹಿಂದಿನ 12 ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಂಡಿರಬೇಕು, ಆಗಲೇ ರಾಯಲ್ಟಿ ಲೆಕ್ಕ ಶುರು. ದಾಟಿದರೂ ಬರುವುದು ಒಂದು ರಾತ್ರಿಯ ಪ್ರೋಗ್ರಾಂ ಪೇಮೆಂಟಿಗೆ ಸಮ ಆಗಲು ಬಹಳ ದೂರ. ಆಲ್ಬಮ್‌ನಿಂದ ಹೊಟ್ಟೆ ತುಂಬುತ್ತದೆ ಅಂತ ಯಾರಾದರೂ ಹೇಳಿದರೆ ಅವರು ನಿಮಗೆ ಏನೋ ಮಾರುತ್ತಿದ್ದಾರೆ.

ಶಬ್ದ ಬೇರೆ ಹಾಡುಗಳಷ್ಟು ಜೋರಾಗಿಲ್ಲ. ಬೇಕಂತಲೇ?

ಹೌದು. ಜೋರು ಮಾಡಿ ಕಳಿಸಿದರೂ ಸ್ಟ್ರೀಮಿಂಗ್‌ನವರು ಇಳಿಸುತ್ತಾರೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ (ಶಬ್ದದ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದು ಇಡುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದರೆ ಡ್ರಮ್ಸ್‌ನ ಹೊಡೆತ ಸತ್ತು, ಜೋರೂ ಉಳಿಯುವುದಿಲ್ಲ. ವಾಲ್ಯೂಮ್ ನೀವೇ ಏರಿಸಿ.

ಸಿಡಿ ಸಿಗುತ್ತದಾ?

ಸ್ವಲ್ಪ ಮಾಡಿಸಿದ್ದೇನೆ, ಪ್ರೋಗ್ರಾಂ ಕಡೆ ಬಂದರೆ ಕೊಡುತ್ತೇನೆ. ಕ್ಯಾಸೆಟ್ ಇಲ್ಲ. ಕೇಳುತ್ತಾರೆ ಜನ!

ಮನೆಯವರು ಏನಂತಾರೆ?

ಹೆಂಡತಿಗೆ ಹಾಡಿರುವ ಎರಡು ಇಷ್ಟ. ಅಪ್ಪ ಪೂರ್ತಿ ಕೇಳಿ ‘ಛಲೋ ಅದ, ಆದ್ರ ಹಾಡು ಯಾವಾಗ ಶುರು ಆಗ್ತದ?’ ಅಂದರು.

ನಾನೂ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಸ್ವಂತದ್ದು ಮಾಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ ಅಣ್ಣಾ?

ಸಾಮಾನು ಕೊಳ್ಳುವುದರಿಂದ ಬೇಡ. ಫೋನಿನಲ್ಲಿ ಗುನುಗಿ ಹಿಡಿದಿಡುವುದರಿಂದ ಶುರು ಮಾಡು. ವಾರ ಬಿಟ್ಟು ಕೇಳು. ಯಾವುದು ನಿನ್ನದು, ಯಾವುದು ಹಿಂದಿನ ವಾರ ಪೆಂಡಾಲಿನಲ್ಲಿ ನುಡಿಸಿದ್ದು ಅಂತ ಆಗ ಗೊತ್ತಾಗುತ್ತದೆ. ಮೊದಮೊದಲು ಹತ್ತರಲ್ಲಿ ಒಂಬತ್ತು ಪೆಂಡಾಲಿನವೇ ಇರುತ್ತವೆ, ಅಳಿಸಿಬಿಡು. ಆಮೇಲೆ ಒಂದೇ ಸಮ ಟಕ್ ಟಕ್ ಅಂತ ತಾಳ ಕೊಡುವ ಮೆಟ್ರೋನೋಮ್ ಜೊತೆ ನುಡಿಸಿ ರೂಢಿ ಮಾಡಿಕೋ. ಢೋಲಕ್‌ನವರು ನಮ್ಮ ಜೊತೆ ಓಡುತ್ತಾರೆ, ಕಾಯುತ್ತಾರೆ. ಮೆಟ್ರೋನೋಮ್ ಕಾಯುವುದಿಲ್ಲ. ವರ್ಷಗಟ್ಟಲೆ ಸ್ಟೇಜ್ ಮಾಡಿದವರೂ ಇಲ್ಲಿ ತಡವರಿಸುತ್ತಾರೆ.

ಮಿಕ್ಸಿಂಗ್ (ಎಲ್ಲ ವಾದ್ಯಗಳ ಶಬ್ದ ಹೊಂದಿಸುವ ಕೆಲಸ) ಬೇರೆಯವರಿಗೆ ಕೊಡು. ನಮ್ಮಂಥವರು ನಾವೇ ಮಿಕ್ಸ್ ಮಾಡಿದರೆ ಗಿಟಾರನ್ನು ತಗ್ಗಿಸಿಬಿಡುತ್ತೇವೆ, ಅಷ್ಟು ವರ್ಷದ ರೂಢಿ. ನನ್ನ ಎಂಜಿನಿಯರ್ ಪ್ರತಿ ಸಲ ಗಿಟಾರಿನ ಫೇಡರ್ (ಜೋರು ಏರಿಸಿ ಇಳಿಸುವ ಗುಂಡಿ) ಏರಿಸುತ್ತಿದ್ದ, ಅವನು ಚಹಾಕ್ಕೆ ಎದ್ದಾಗ ನಾನು ಇಳಿಸುತ್ತಿದ್ದೆ. ಕೊನೆಗೆ ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡ. ಮಿಕ್ಸ್ ಚೆನ್ನಾಗಿ ಬಂತು.

ಇನ್ನು ಮುಂದೆ ಬೇರೆಯವರಿಗೆ ನುಡಿಸುವುದಿಲ್ಲವಂತೆ?

ಯಾರು ಹೇಳಿದ್ದು? ಗಣೇಶ ಚವತಿಯಿಂದ ನಮ್ಮ ಸೀಸನ್, ಡೈರಿ ಖಾಲಿ ಇದೆ ಅಂತ ತಿಳಿಯಬೇಡಿ, ತುಂಬಿದೆ ಅಂತಲೂ ತಿಳಿಯಬೇಡಿ. ಬುಕಿಂಗ್ ಬೇಕಿದ್ದರೆ ಆರ್ಕೆಸ್ಟ್ರಾ ಮಾಲೀಕರ ಜೊತೆ ಮಾತಾಡಿ, ರೇಟ್ ನಾನು ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್ ಆಗಬೇಕು, ಹಾಗಾಗಿ ಭಾಷಣ, ಸನ್ಮಾನ ಎಲ್ಲ ಬೇಗ ಮುಗಿಸಿ. ನನ್ನ ಆಲ್ಬಮ್‌ನ ಟ್ರ್ಯಾಕ್ ಸ್ಟೇಜಿನಲ್ಲಿ ಬೇಕು ಅನ್ನುವವರು ಚೀಟಿ ಬರೆದು ಕೊಡಿ. ಇಲ್ಲಿಯತನಕ ಬಂದಿಲ್ಲ.